ಶ್ರುತಿ ಸೋರಿದ ಸೊನಾಟ

ವಾಮಂಜೂರಿನ ಆ ಸಭಾಂಗಣದ ಬಾಗಿಲು ಹಸಿರು ಬಣ್ಣದ್ದು ಎಂದು ನಾನು ಹೇಳುತ್ತೇನೆ. ನೀಲಿ ಎಂದು ನನ್ನ ತಂಗಿ ಸುಮನಾ ವಾದಿಸುತ್ತಾಳೆ. ಇಬ್ಬರೂ ಅಲ್ಲಿ ಒಂದು ವಾರ ಕಳೆದವರು, ಇಬ್ಬರಿಗೂ ಕಣ್ಣು ಸರಿ ಇತ್ತು. ಹೀಗಿರುವಾಗ ನಾನು ಮುಂದೆ ಬರೆಯುವುದರಲ್ಲಿ ಎಷ್ಟು ನಿಜ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಬದುಕಿನ ಬಹುಪಾಲು ಬೇರೆಯವರ ದನಿಯನ್ನು ಹಿಡಿದಿಡುವ ಕೆಲಸ ಮಾಡಿದ್ದೇನೆ. ನೆನಪಿನ ಟೇಪಿಗೆ ಒಂದು ಕೆಟ್ಟ ಗುಣ ಇದೆ: ಪ್ರತಿ ಸಲ ತೆಗೆದು ಕೇಳುವಾಗಲೂ ಅದರ ಮೇಲೆಯೇ ಮತ್ತೊಮ್ಮೆ ಮುದ್ರಣವಾಗುತ್ತದೆ. ಕಾಲೇಜು ದಿನಗಳಿಂದ ದಿನಚರಿ ಬರೆಯುತ್ತಿದ್ದರೂ ಅದರಿಂದ ಹೆಚ್ಚು ಸಹಾಯವಾಗಲಿಲ್ಲ. ಆ ವಾರದ ಪುಟಗಳಲ್ಲಿ ಇರುವುದು ಇಷ್ಟೇ: "ವಿಪರೀತ ಸೆಖೆ. ಫ್ಯೂಗ್ ಆಯಿತು. ಸುಮನಾಳ ಬೆರಳು ಊದಿದೆ."

ಧ್ವನಿಮುದ್ರಣ ಸ್ಟುಡಿಯೋದಲ್ಲಿ ಈಗ ನನ್ನ ಕುರ್ಚಿಯಲ್ಲಿ ಕೂರುವ ಅಫ್ರೀನಾ ಇದನ್ನು ಬರೆಯಲು ಹೇಳಿದಳು. ಹೊಸದಾಗಿ ಸೇರುವವರಿಗೆ ಓದಲು ಕೊಡುತ್ತಾಳಂತೆ. "ಮೇಡಂ, ಸಾಫ್ಟ್‌ವೇರ್ ನಾವು ಹೇಗೂ ಕಲೀತೇವೆ. ನೀವು ಕಿವಿಯದ್ದು ಬರೀರಿ" ಎಂದಳು. ಸಂಬಳ, ಬಡ್ತಿಗಳ ಕಥೆ ಅವರಿಗೆ ಬೇಡ, ನನಗೂ ಬೇಡ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಆ ಸ್ಟುಡಿಯೋಕ್ಕೆ ಸೇರಿದಾಗ ಗೋಡೆಗೆ ತೆಂಗಿನ ನಾರಿನ ಚಾಪೆ ಹೊಡೆದಿದ್ದರು. ಮಳೆಗಾಲದಲ್ಲಿ ಅದರಿಂದ ಒದ್ದೆ ನಾಯಿಯ ವಾಸನೆ ಬರುತ್ತಿತ್ತು. ಭಜನೆ, ಯಕ್ಷಗಾನ, ಕೊಂಕಣಿ ಹಾಡು, ತುಳು ನಾಟಕ, ಜವಳಿ ಅಂಗಡಿಯ ಜಾಹೀರಾತು, ಎಲ್ಲ ಆ ಒಂದೇ ಕೋಣೆಯಲ್ಲಿ. ಮುಖ್ಯ ಧ್ವನಿಮುದ್ರಕರಾಗಿದ್ದವರು ಲಾರೆನ್ಸ್ ಸರ್. ಆದಿತ್ಯವಾರದ ಪ್ರಾರ್ಥನೆಗೆ ಇಗರ್ಜಿಯ ಗಾಯನವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು, ಉಳಿದ ದಿನ ನಮ್ಮನ್ನು ಬೈಯುತ್ತಿದ್ದರು. ಮೊದಲ ದಿನ ಅವರು ನನ್ನನ್ನು ಯಂತ್ರದ ಹತ್ತಿರವೇ ಬಿಡಲಿಲ್ಲ. ಖಾಲಿ ಕೋಣೆಯ ನಡುವೆ ನಿಲ್ಲಿಸಿ ಚಪ್ಪಾಳೆ ತಟ್ಟಲು ಹೇಳಿದರು.

"ಎಂತ ಕೇಳಿತು?"

"ಚಪ್ಪಾಳೆ ಸರ್."

"ಅದು ನಿನ್ನ ಕೈ ಮಾರಾಯ್ತಿ. ಕೋಣೆ ಎಂತ ಹೇಳಿತು?"

ಕೋಣೆ ಏನು ಹೇಳುತ್ತದೆ ಎಂದು ಕೇಳಿಸಲು ನನಗೆ ಒಂದು ವರ್ಷ ಬೇಕಾಯಿತು. ಒಂದೂವರೆಯೋ ಏನೋ.

ಆಗ ಸಂಕಲನ ಎಂದರೆ ಬ್ಲೇಡು. ಟೇಪನ್ನು ಕೈಯಿಂದ ಹಿಂದೆ ಮುಂದೆ ಎಳೆದು, ತಪ್ಪು ಎಲ್ಲಿ ಶುರುವಾಗುತ್ತದೆಂದು ಗುರುತು ಹಾಕಿ, ಓರೆಯಾಗಿ ಕೊಯ್ದು, ತುದಿಗಳನ್ನು ಅಂಟಿಸಬೇಕು. ಕೊಯ್ದ ತುಂಡುಗಳನ್ನು ಕೊರಳಿಗೆ ಜನಿವಾರದ ಹಾಗೆ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಒಮ್ಮೆ ಯಕ್ಷಗಾನದ ಪದ್ಯವೊಂದರ ನಡುವೆ ಒಂದು ತುಂಡನ್ನು ತಿರುಗಿಸಿ ಅಂಟಿಸಿಬಿಟ್ಟೆ. ಎಲ್ಲರ ಎದುರು ಹಾಕಿದಾಗ ಭಾಗವತರು ಕಣ್ಣು ಮುಚ್ಚಿ ಕೇಳುತ್ತಾ ಇದ್ದವರು ಮೆಲ್ಲಗೆ ಹೇಳಿದರು: "ಅಮ್ಮಾ, ಇಲ್ಲಿ ಚೆಂಡೆಯವ ಮನೆಗೆ ಹಿಂದೆ ಹಿಂದೆ ನಡ್ಕೊಂಡು ಹೋದ ಹಾಗೆ ಉಂಟಲ್ಲ?" ಲಾರೆನ್ಸ್ ಸರ್ ಬೈಯಲಿಲ್ಲ. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಆಮೇಲೆ ಎಷ್ಟೋ ವರ್ಷ, ನಾನು ಏನೇ ತಪ್ಪು ಮಾಡಲಿ, "ಚೆಂಡೆಯವ ಬಂದ" ಎನ್ನುತ್ತಿದ್ದರು.

ಇನ್ನೊಂದನ್ನು ಹೊಸಬರು ಮರೆಯಬಾರದು. ತೊಕ್ಕೊಟ್ಟಿನ ಒಬ್ಬರು ಗಲ್ಫಿನಿಂದ ರಜೆಯಲ್ಲಿ ಬಂದವರು ತಾಯಿಯನ್ನು ಕರೆತಂದರು. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವಾಗ ಆಕೆ ಹಾಡುವ ತುಳು ಪಾಡ್ದನವನ್ನು ಮುದ್ರಿಸಿ ತನ್ನ ಜೊತೆ ಕೊಂಡುಹೋಗಬೇಕೆಂದು ಅವರ ಆಸೆ. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಮೈಕು ಇಟ್ಟೆ. ಎರಡು ಸಾಲು ಹೇಳಿ ನಿಲ್ಲಿಸಿದರು. ಮುಂದಿನದು ಬರಲಿಲ್ಲ. ಮಗನಿಗೆ ನಾಚಿಕೆ. "ಮನೆಯಲ್ಲಿ ಹಾಡ್ತಾರೆ ಮೇಡಂ, ಇಲ್ಲಿ ಎಂತಾಯಿತೋ." ಆಕೆ ಕುರ್ಚಿಯಿಂದ ಇಳಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಸೊಂಟ ಬಗ್ಗಿಸಿ ನೆಲದ ಕಡೆ ಮುಖ ಮಾಡಿ ನಿಂತರು. ಹಾಡು ಇಡಿಯಾಗಿ ಬಂತು. ನಾನು ಓಡಿಹೋಗಿ ಮೈಕನ್ನು ನೆಲದ ಹತ್ತಿರ ಇಳಿಸಿದೆ. ಹಾಡು ದೇಹದ ಯಾವ ಭಂಗಿಯಲ್ಲಿ ಮನೆ ಮಾಡಿದೆಯೋ ಅಲ್ಲಿಗೆ ಮೈಕು ಹೋಗಬೇಕು. ಇದನ್ನು ಯಾವ ಪಠ್ಯದಲ್ಲಿಯೂ ನಾನು ಓದಿರಲಿಲ್ಲ.

ಈಗ ಸುಮನಾಳ ವಿಷಯ. ನಿಜ ಹೇಳಬೇಕೆಂದರೆ ಅಫ್ರೀನಾಳ ಮಾತಿಗೆ ನಾನು ಒಪ್ಪಿದ್ದೇ ಇದನ್ನು ಬರೆಯಲಿಕ್ಕೆ.

ನಮ್ಮ ಅಪ್ಪ ಅರ್ಚಕರು. ಸಂಜೆ ದೇವಸ್ಥಾನದಿಂದ ಬಂದ ಮೇಲೆ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಮೊದಲು ಶ್ರುತಿಪೆಟ್ಟಿಗೆ ಹಾಕಬೇಕು, ಆಮೇಲೆ ಪಿಟೀಲು ಮುಟ್ಟಬೇಕು. ನಡುವೆ ಶ್ರುತಿ ನಿಲ್ಲಿಸುವುದು ಉರಿಯುವ ದೀಪವನ್ನು ಊದಿದ ಹಾಗೆ. ಪಾಠ ಮುಗಿದ ಮೇಲೂ ಎಷ್ಟೋ ಹೊತ್ತು ಆ ಸಾ-ಪಾ-ಸಾ ಮನೆಯಲ್ಲಿ ತೇಲುತ್ತಿರುತ್ತಿತ್ತು. ಅಮ್ಮ ಅದರ ಜೊತೆಯಲ್ಲಿಯೇ ಕಾಯಿ ತುರಿಯುತ್ತಿದ್ದರು. ನನಗೆ ಪಿಟೀಲು ಒಲಿಯಲಿಲ್ಲ, ಸುಮನಾಳಿಗೆ ಒಲಿಯಿತು.

ಒಂದು ಭಜನೆ ಕ್ಯಾಸೆಟ್ಟಿಗೆ ಪಕ್ಕವಾದ್ಯಕ್ಕೆಂದು ಅವಳನ್ನು ಸ್ಟುಡಿಯೋಕ್ಕೆ ಕರೆದಿದ್ದೆ. ಅವಳು ನುಡಿಸಿದ್ದನ್ನು ಲಾರೆನ್ಸ್ ಸರ್ ಕೇಳಿದರು. ಮರುವಾರ ಅವರೇ ಒಂದಷ್ಟು ಪಾಶ್ಚಾತ್ಯ ಸ್ವರಲಿಪಿಯ ಹಾಳೆಗಳನ್ನು ತಂದು ಅವಳ ಕೈಗೆ ಕೊಟ್ಟರು. ಪಕ್ಕದಲ್ಲಿ ಬೇರೆ ಯಾವ ವಾದ್ಯವೂ ಇಲ್ಲದೆ ಒಂದೇ ಪಿಟೀಲು ನುಡಿಸಬೇಕಾದ ಸೊನಾಟಗಳು. ನುಡಿಸುವವರ ಬೆನ್ನು ಮುರಿಯಲಿಕ್ಕೆಂದೇ ಬರೆದ ಹಾಗಿದ್ದವು.

"ಇದನ್ನು ನಾನು ಜೀವನ ಇಡೀ ನುಡಿಸ್ಲಿಕ್ಕೆ ನೋಡಿದೆ, ಆಗಲಿಲ್ಲ" ಎಂದರು. "ನಿನಗೆ ಆಗ್ತದಾ ನೋಡು."

ಕೆಲಸ ಮುಗಿದ ಮೇಲೆ ಅವರೇ ಹೇಳಿಕೊಟ್ಟರು. ಅವಳು ಅದಕ್ಕೆಂದೇ ಇನ್ನೊಂದು ಪಿಟೀಲು ಇಟ್ಟುಕೊಂಡು ಅವರ ಪದ್ಧತಿಯಂತೆ ತಂತಿ ಕಟ್ಟಿದಳು. ಆದರೆ ಕೂತುಕೊಳ್ಳುವುದು ಮಾತ್ರ ಅಪ್ಪನ ಕ್ರಮದಲ್ಲಿಯೇ, ನೆಲದಲ್ಲಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ.

"ಚಕ್ಕಳಮಕ್ಕಳ ಕೂತು ಈ ಸೊನಾಟ ನುಡಿಸುವವಳು ಪ್ರಪಂಚದಲ್ಲಿ ನೀನೊಬ್ಬಳೇ ಇರ್ಬೇಕು" ಎಂದು ಸರ್ ಕುಟುಕುತ್ತಿದ್ದರು.

"ನಿಂತರೆ ನನಗೆ ಬಸ್ಸಿಗೆ ಕಾದ ಹಾಗೆ ಆಗ್ತದೆ ಸರ್."

ಅವಳ ಮದುವೆಯಾಯಿತು, ಬಜಪೆಗೆ ಹೋದಳು, ಮಕ್ಕಳಿಗೆ ನಮ್ಮ ಪದ್ಧತಿಯ ಪಾಠ ಹೇಳುತ್ತಾ ಇದ್ದಳು. ಸೊನಾಟಗಳನ್ನು ಮಾತ್ರ ಬಿಡಲಿಲ್ಲ. ನಮ್ಮ ಬ್ಲೇಡುಗಳು ಡ್ರಾಯರು ಸೇರಿ ಕಂಪ್ಯೂಟರು ಬಂದ ಕಾಲಕ್ಕೆ ಅವಳಲ್ಲಿ ಮೂರು ಸೊನಾಟ ಪಕ್ವವಾಗಿದ್ದವು. ಆಗಲೇ ಬೆಳಿಗ್ಗೆ ಏಳುವಾಗ ಎಡಗೈಯ ಬೆರಳುಗಳು ಮಡಚಲು ಬಾರದೆ ನೋಯತೊಡಗಿದವು. ಸಂಧಿವಾತ ಎಂದರು ವೈದ್ಯರು. ಮದ್ದಿನಿಂದ ನೋವು ತಡೆಯಬಹುದು, ಬೆರಳಿನ ವೇಗದ ಬಗ್ಗೆ ಭರವಸೆ ಕೊಡಲಾಗದು ಎಂದರಂತೆ. ಅವಳು ಅಲ್ಲಿಂದ ನೇರ ಸ್ಟುಡಿಯೋಕ್ಕೆ ಬಂದಳು.

"ಅಕ್ಕಾ, ಕೈ ಉಂಟು ಅನ್ನುವಾಗ ಮಾಡಿ ಮುಗಿಸುವ. ಒಂದು ಸಿ.ಡಿ. ಆದ್ರೆ ಸಾಕು. ನಾನು ಇದನ್ನು ನುಡಿಸ್ತಿದ್ದೆ ಅಂತ ಯಾರಿಗೂ ಗೊತ್ತೇ ಇಲ್ಲ."

ನಾವು ಮನೆಯಲ್ಲಿ ತುಳು ಮಾತಾಡುವವರು. ಅವಳ ಮಾತನ್ನು ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಸ್ವಲ್ಪ ಆಚೀಚೆ ಆಗಿರಬಹುದು. ಕೊನೆಯ ವಾಕ್ಯ ಮಾತ್ರ ಹಾಗೆಯೇ ಹೇಳಿದ್ದಳು.

ಸ್ಟುಡಿಯೋದ ಕೋಣೆ ಆ ಸಂಗೀತಕ್ಕೆ ಒಗ್ಗುವುದಿಲ್ಲ. ಒಂಟಿ ಪಿಟೀಲಿಗೆ ಜೊತೆಯಾಗಿ ಕೋಣೆಯೇ ಅನುರಣಿಸಬೇಕು. ಲಾರೆನ್ಸ್ ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರೂ ಊರೆಲ್ಲ ಚಪ್ಪಾಳೆ ತಟ್ಟುತ್ತಾ ತಿರುಗಿ, ವಾಮಂಜೂರಿನ ಒಂದು ಕಾಲೇಜಿನ ಹಳೆಯ ಪ್ರಾರ್ಥನಾ ಸಭಾಂಗಣವನ್ನು ಹುಡುಕಿದರು. ಎತ್ತರದ ಹಂಚಿನ ಮಾಡು, ಕಲ್ಲಿನ ನೆಲ. ಬೇಸಿಗೆ ರಜೆಯಲ್ಲಿ ಖಾಲಿ. ಹೊರಗೆ ಗದ್ದೆ, ಗದ್ದೆಯಾಚೆ ಯಾರೋ ಕಟ್ಟುತ್ತಿದ್ದ ಮನೆ. ತೊಂದರೆ ಏನೆಂದರೆ ಬಜಪೆಗೆ ಇಳಿಯುವ ವಿಮಾನಗಳು ತಲೆಯ ಮೇಲೆಯೇ ಬರುತ್ತಿದ್ದವು. ಮೀನಿನ ಗಾಡಿಯವನ ಹಾರ್ನು ಬೇರೆ. ಅವನನ್ನು ಲಾರೆನ್ಸ್ ಸರ್ ಒಳ್ಳೆಯ ಮಾತಿನಲ್ಲಿ ಒಪ್ಪಿಸಿದರು, ಅದಕ್ಕಾಗಿ ದಿನಾ ಬಂಗುಡೆ ಕೊಂಡರು. ಅವರ ಮನೆಯವರು ಆ ವಾರ ಬಂಗುಡೆ ತಿಂದು ತಿಂದು ಸೋತರಂತೆ.

ಫ್ಯಾನು ಹಾಕುವಂತಿಲ್ಲ. ಸುಮನಾ ಮಣೆಯ ಮೇಲೆ ಕೂತು, ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಾ ನುಡಿಸಿದಳು. ನಿಧಾನದ ಭಾಗಗಳೆಲ್ಲ ಚೆನ್ನಾಗಿ ಬಂದವು. ಅಡ್ಡಿಯಾದದ್ದು ಮೊದಲ ಸೊನಾಟದ ಫ್ಯೂಗ್. ಒಂದು ದನಿ ಒಂದು ಮಾತನ್ನು ಹೇಳಿ ಹೊರಡುತ್ತದೆ, ಅದೇ ಮಾತನ್ನು ಹಿಡಿದು ಇನ್ನೊಂದು ದನಿ ಹಿಂಬಾಲಿಸುತ್ತದೆ, ಮತ್ತೊಂದು ಸೇರುತ್ತದೆ, ಎಲ್ಲವನ್ನೂ ಒಂದೇ ಪಿಟೀಲು ನಾಲ್ಕೇ ತಂತಿಯಲ್ಲಿ ಹೇಳಬೇಕು. ಅವಳು ಎಲ್ಲಿಯೂ ಸ್ವರ ತಪ್ಪಲಿಲ್ಲ. ಆದರೂ ಕೇಳುವಾಗ ಪರೀಕ್ಷೆಗೆ ಕೂತ ಹುಡುಗಿಯ ಹಾಗಿತ್ತು.

"ಸರ್, ಕಾಲಡಿಯಲ್ಲಿ ನೆಲ ಇಲ್ಲದ ಹಾಗೆ ಆಗ್ತದೆ" ಎಂದಳು. "ಮನೆಯಲ್ಲಿ ನಾನು ಶ್ರುತಿ ಹಾಕಿಯೇ ಅಭ್ಯಾಸ ಮಾಡುದು."

ಲಾರೆನ್ಸ್ ಸರ್‌ಗೆ ಆಘಾತ. "ಈ ಸಂಗೀತಕ್ಕೆ ಶ್ರುತಿಯಾ? ಇದು ನಿಮ್ಮ ರಾಗದ ಹಾಗೆ ಒಂದೇ ಷಡ್ಜದಲ್ಲಿ ಕೂತುಕೊಳ್ಳುವುದಿಲ್ಲ ಮಾರಾಯ್ತಿ. ಮನೆ ಬಿಟ್ಟು ಮನೆ ಹೋಗ್ತದೆ. ಕಿವಿಗೆ ಚುಚ್ಚುದಿಲ್ವಾ?"

"ಚುಚ್ಚುತ್ತದೆ. ಚುಚ್ಚಬೇಕು ಸರ್. ಮನೆಯಿಂದ ಎಷ್ಟು ದೂರ ಬಂದಿದ್ದೇನೆ ಅಂತ ಗೊತ್ತಾಗುದು ಹಾಗೆ."

ಅವಳ ಕಿವಿಗೆ ಇಯರ್‌ಫೋನಿನಲ್ಲಿ ಶ್ರುತಿ ಕೊಡುವ ಉಪಾಯ ಯಾರದ್ದು? ನನ್ನದು ಎಂದು ನನ್ನ ನೆನಪು, ತಾನೇ ಕೇಳಿದ್ದು ಎಂದು ಅವಳದು. ಮುದ್ರಣದಲ್ಲಿ ಸಿಗುವುದು ಆಮೇಲಿನ ಅವಳ ಒಂದು ಮಾತು ಮಾತ್ರ, "ಇನ್ನು ಸ್ವಲ್ಪ ಜೋರು ಮಾಡು." ನಾನು ಜೋರು ಮಾಡಿದೆ.

ಆ ಬೆಳಿಗ್ಗೆ ಅವಳು ಫ್ಯೂಗನ್ನು ಒಂದೇ ಉಸಿರಿನಲ್ಲಿ ನುಡಿಸಿದಳು. ಹೇಗಿತ್ತು ಎಂದು ಬರೆಯಲು ಹೋದರೆ ನಾನು ಹೊಸದೇನನ್ನೋ ಕಟ್ಟಿಬಿಡುತ್ತೇನೆ ಎಂಬ ಹೆದರಿಕೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಲಾರೆನ್ಸ್ ಸರ್ ಬಾಗಿಲ ಬಳಿ ನಿಂತೇ ಇದ್ದರು, ಕೂತುಕೊಳ್ಳಲು ಮರೆತರು. ಕೊನೆಯ ಸ್ವರ ಮಾಡಿನವರೆಗೆ ಹೋಗಿ ಇಳಿದ ಮೇಲೆ ಸುಮನಾಳ ದನಿ ಬಂತು, "ಅಕ್ಕಾ, ಆಂಡಾ?" ಆಯಿತಾ ಎಂದು.

"ಆಂಡ್" ಎಂದೆ.

ಮಧ್ಯಾಹ್ನ ಅವಳ ಎರಡು ಬೆರಳು ಊದಿದವು. ಅವಳು ನಗುತ್ತಲೇ ಇದ್ದಳು.

ಎರಡು ದಿನ ಬಿಟ್ಟು ಸ್ಟುಡಿಯೋದಲ್ಲಿ ಮೂವರೂ ಕೇಳಲು ಕೂತೆವು. ಲಾರೆನ್ಸ್ ಸರ್ ಹೆಡ್‌ಫೋನ್ ತೆಗೆದು ಕೇಳಿದರು, "ಇದೆಂತ, ದುಂಬಿ ಹಾರಿದ ಹಾಗೆ?"

"ಎಲ್ಲಿ ಸರ್?"

"ಎಲ್ಲಿ ಅಂತ ಕೇಳ್ತೀಯಲ್ಲ! ಆರಂಭದಿಂದ ಕೊನೆಯವರೆಗೆ ಉಂಟು."

ನನಗೆ ಕೇಳಿಸಲಿಲ್ಲ. ಸುಮನಾಳಿಗೂ ಕೇಳಿಸಲಿಲ್ಲ. ಮತ್ತೆ ಹಾಕಿದೆ, ಮತ್ತೂ ಇಲ್ಲ. ಕೊನೆಗೆ ಸರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಪಿಟೀಲಿನ ಏರಿಳಿತಗಳ ಕೆಳಗೆ ಒಂದು ಕಡೆಯೂ ಕಡಿಯದ ನೇರ ಗೆರೆಗಳು. ಇಯರ್‌ಫೋನಿನ ಶ್ರುತಿ ಸೋರಿ ಮೈಕಿಗೆ ಬಿದ್ದಿತ್ತು.

ಮುದ್ರಣದ ಹೊತ್ತಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತವಳು ನಾನೇ. ದೂರದ ಪಂಪಿನ ಸದ್ದು ಕೇಳಿ ನಿಲ್ಲಿಸಿದವಳು, ಕಾಗೆ ಕೂಗಿದರೆ ಗುರುತು ಹಾಕಿದವಳು. ಇದು ಮಾತ್ರ ಕೇಳಿಸಲಿಲ್ಲ. ಶ್ರುತಿ ಇರುವ ಮನೆಯಲ್ಲಿ ಹುಟ್ಟಿದ ನಮಗಿಬ್ಬರಿಗೂ ಅದು ಸದ್ದಿನ ಲೆಕ್ಕದಲ್ಲಿ ಇರಲೇ ಇಲ್ಲ. ನಾವು ಮೌನ ಎಂದುಕೊಂಡದ್ದು ಅದನ್ನೇ. ಹೊಸಬರಿಗೆ ಹೇಳುವುದು ಇಷ್ಟೇ: ನಿಮ್ಮ ಮನೆಯ ಸದ್ದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಅದನ್ನು ಕೇಳಲಿಕ್ಕೆ ಪಕ್ಕದಲ್ಲಿ ಬೇರೆ ಮನೆಯವರೊಬ್ಬರು ಬೇಕು.

"ತೆಗೀಲಿಕ್ಕೆ ಆಗುದಿಲ್ವಾ ಅಕ್ಕಾ?"

ಪ್ರಯತ್ನಿಸಿದೆ, ವಾರಗಟ್ಟಲೆ. ಶ್ರುತಿಯ ಸಾ ಮತ್ತು ಪಾ, ಪಿಟೀಲಿನ ಕೆಳಗಿನ ಎರಡು ತಂತಿಗಳ ಸ್ವರಗಳೇ. ಶ್ರುತಿಯ ಗೆರೆಯನ್ನು ಕೊಯ್ದರೆ ತಂತಿಯ ಹೊಟ್ಟೆಯೇ ಕೊಯ್ದುಹೋಗುತ್ತಿತ್ತು. ಉಳಿಯುತ್ತಿದ್ದದ್ದು ತಗಡಿನ ದನಿ. ಮತ್ತೆ ನುಡಿಸೋಣವೆಂದರೆ ಬೆರಳಿನ ಊತ ಇಳಿಯಲಿಲ್ಲ.

ಮೂರು ದಾರಿ ಇತ್ತು. ಮೊದಲ ದಿನಗಳ ಫ್ಯೂಗನ್ನು ಹಾಕುವುದು, ಫ್ಯೂಗನ್ನು ಬಿಟ್ಟೇಬಿಡುವುದು, ಇಲ್ಲವೇ ಶ್ರುತಿ ಸೋರಿದ್ದನ್ನೇ ಕೊಡುವುದು. ಸುಮನಾ ಒಂದೊಂದಕ್ಕೂ ಉತ್ತರ ಕೊಟ್ಟಳು.

"ಮೊದಲಿನದು ತಪ್ಪಿಲ್ಲದ್ದು, ಅಷ್ಟೇ. ಫ್ಯೂಗ್ ಬಿಟ್ಟರೆ ಅದೆಂತ ಸೊನಾಟ, ಗರ್ಭಗುಡಿ ಇಲ್ಲದ ದೇವಸ್ಥಾನವಾ? ಇನ್ನು ಇದನ್ನು ಕೊಟ್ಟರೆ, ಈ ಸಂಗೀತ ಗೊತ್ತಿದ್ದವರು ನಗ್ತಾರೆ. ಗೊತ್ತಿಲ್ಲದವರು ಕೇಳುವುದೇ ಇಲ್ಲ."

ಲಾರೆನ್ಸ್ ಸರ್ ಶ್ರುತಿ ಇದ್ದದ್ದನ್ನೇ ಕೊಡು ಎಂದರು. ನನಗೆ ಆಶ್ಚರ್ಯ. "ದುಂಬಿ ಅಂದವರು ನೀವೇ ಅಲ್ವಾ ಸರ್?"

"ಹೌದು. ದುಂಬಿಯೇ. ಆದರೆ ಹೂವಿಗೆ ಬಂದದ್ದು." ಆಮೇಲೆ ತಮ್ಮ ಮಾತು ತಮಗೇ ಹೆಚ್ಚಾಯಿತೆನಿಸಿ ಕನ್ನಡಕ ಒರೆಸಿಕೊಂಡರು. "ನುಡಿಸಿದ್ದು ಅವಳು. ಅವಳು ಹೇಳಿದ ಹಾಗೆ ಮಾಡು."

"ಇರಲಿ. ಕೈ ಸರಿಯಾದ ಮೇಲೆ ಇನ್ನೊಮ್ಮೆ ಮಾಡುವ" ಎಂದಳು ಸುಮನಾ. ಕೈ ಸರಿಯಾಗಲಿಲ್ಲ, ಸಿ.ಡಿ. ಬರಲೂ ಇಲ್ಲ. ಲಾರೆನ್ಸ್ ಸರ್ ಆ ಸಿ.ಡಿ. ನೋಡದೆಯೇ ಹೋದರು. ಅವರ ಮನೆಗೆ ಹೋದಾಗಲೆಲ್ಲ, ಕೊನೆಯ ವರ್ಷಗಳಲ್ಲಿ ಹೆಸರುಗಳು ಮರೆತುಹೋಗುತ್ತಿದ್ದಾಗಲೂ, "ಚಕ್ಕಳಮಕ್ಕಳ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಸ್ಟುಡಿಯೋದ ಆ ಹಳೆಯ ದಿನಗಳಿಗಾಗಿ ನನಗೆ ತುಂಬ ಹಂಬಲ. ನಾರಿನ ಚಾಪೆಯ ವಾಸನೆ, ಕೆಲಸ ಮುಗಿದ ಮೇಲೆ ಒಳಗಿನ ಕೋಣೆಯಿಂದ ಬರುತ್ತಿದ್ದ ಎರಡು ಪಿಟೀಲುಗಳ ಸದ್ದು, ಒಬ್ಬರು ನಿಂತು ಒಬ್ಬಳು ಕೂತು. ಆಗ ಅದನ್ನು ಮುದ್ರಿಸಬೇಕೆಂದು ನನಗೆ ಹೊಳೆಯಲಿಲ್ಲ. ಮುದ್ರಿಸುವುದೇ ಕೆಲಸವಾಗಿದ್ದವರಿಗೆ ಹೀಗೂ ಆಗುತ್ತದೆ.

ಕೆಲವು ತಿಂಗಳ ಹಿಂದೆ ಅಫ್ರೀನಾ ಫೋನ್ ಮಾಡಿದಳು. ಹಳೆಯ ಹಾರ್ಡ್ ಡಿಸ್ಕುಗಳನ್ನು ಹೊಸದಕ್ಕೆ ಇಳಿಸುವಾಗ ಈ ಸೊನಾಟಗಳು ಸಿಕ್ಕಿದವಂತೆ. "ಮೇಡಂ, ಇದು ನಿಮ್ಮ ತಂಗಿಯಾ? ಅಲ್ಲಾ, ಇಷ್ಟು ವರ್ಷ ಇಲ್ಲಿ ಸುಮ್ಮನೆ ಬಿದ್ದುಕೊಂಡಿತ್ತಾ! ಆ ಶ್ರುತಿ ಈಗ ಎಂತ ದೊಡ್ಡ ವಿಷಯ ಅಲ್ಲ. ಪಿಟೀಲು ಒಂದನ್ನೇ ಬೇರೆ ಮಾಡುವ ಸಾಫ್ಟ್‌ವೇರ್ ಬಂದಿದೆ."

ನಾನು ವಾರಗಟ್ಟಲೆ ಹೆಣಗಿ ಸೋತದ್ದನ್ನು ಅವಳು ಚಾ ಕುಡಿದು ಮುಗಿಸುವುದರೊಳಗೆ ಮಾಡಿದಳು. ಶ್ರುತಿ ಇರುವುದು, ಇಲ್ಲದ್ದು, ಎರಡನ್ನೂ ಕಳುಹಿಸಿದಳು. ಯಾವುದನ್ನು ಹೇಳಿದರೂ ಇಂಟರ್ನೆಟ್ಟಿನಲ್ಲಿ ಬಿಡುಗಡೆ ಮಾಡುತ್ತೇನೆ ಎಂದಳು. ಶ್ರುತಿ ಇಲ್ಲದ್ದನ್ನು ಕೇಳಿದೆ. ತಂತಿಯ ಹೊಟ್ಟೆ ಹಾಗೆಯೇ ಇತ್ತು. ಒಂದು ಕಲೆ ಇಲ್ಲ. ಸುಮನಾಳ ಉಸಿರೂ ಇಲ್ಲ, ಮಣೆಯ ಕಿರುಗುಟ್ಟುವಿಕೆಯೂ ಇಲ್ಲ, ಕೊನೆಗೆ "ಆಂಡಾ" ಎಂಬುದೂ ಇಲ್ಲ. ಪಿಟೀಲು ಅಲ್ಲದ್ದನ್ನೆಲ್ಲ ಸಾಫ್ಟ್‌ವೇರ್ ಗುಡಿಸಿತ್ತು. "ಉಸಿರು ಬೇಕಿದ್ರೆ ವಾಪಸ್ ಹಾಕ್ತೇನೆ ಮೇಡಂ" ಎಂದಳು ಅಫ್ರೀನಾ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಎರಡನ್ನೂ ಹಿಡಿದುಕೊಂಡು ಬಜಪೆಗೆ ಹೋದೆ. ಸುಮನಾಳ ಎಡಗೈ ಬೆರಳುಗಳು ಈಗ ಒಂದು ಕಡೆಗೆ ವಾಲಿವೆ. ಮೊದಲು ಶುದ್ಧವಾದದ್ದನ್ನು ಕೇಳಿಸಿದೆ. ಪೂರ್ತಿ ಕೇಳಿದಳು.

"ಚೆಂದ ಉಂಟು. ಯಾರು ನುಡಿಸಿದ್ದು?"

"ತಮಾಷೆ ಸಾಕು."

"ಅಲ್ಲ ಅಕ್ಕಾ, ಒಳ್ಳೆ ಕಲಾವಿದೆ. ನಿಂತು ನುಡಿಸಿದ ಹಾಗೆ ಉಂಟು."

ಎರಡನೆಯದನ್ನು ಹಾಕಿದೆ. ಕೊನೆಯಲ್ಲಿ ತನ್ನ ದನಿ ಬಂದಾಗ ನಕ್ಕು, "ಆಗ ನನ್ನ ಸ್ವರ ಎಷ್ಟು ಸಪೂರ ಇತ್ತು ಅಲ್ವಾ?" ಎಂದಳು. ಎರಡನೆಯದನ್ನು ಕೇಳುವಾಗ ಅವಳ ಮುಖ ಹಗುರವಾಯಿತು ಎಂದು ಆ ರಾತ್ರಿ ದಿನಚರಿಯಲ್ಲಿ ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ. ನಾನು ಹಾಗೆ ಆಗಬೇಕೆಂದು ಕಾದು ಕೂತಿದ್ದೆ, ಹಾಗಾಗಿ ನನ್ನ ಸಾಕ್ಷಿ ನಡೆಯುವುದಿಲ್ಲ.

ಅವಳಿಗೆ ಸಿ.ಡಿ. ಬೇಕಿತ್ತು, ತಾನು ಇದನ್ನು ನುಡಿಸುತ್ತಿದ್ದೆ ಎಂದು ನಾಲ್ಕು ಜನರಿಗೆ ಗೊತ್ತಾಗಬೇಕಿತ್ತು. ಈಗ ಅದು ಒಂದು ಮಾತಿನಷ್ಟು ದೂರದಲ್ಲಿದೆ. ಆ ಮಾತು ಅವಳದ್ದೇ ಆಗಬೇಕು. ಶ್ರುತಿಯನ್ನು ಅಳಿಸಿದರೆ ತಪ್ಪನ್ನು ಒರೆಸಿದ ಹಾಗೋ, ಅವಳು ಕೂತಿದ್ದ ನೆಲವನ್ನು ಒರೆಸಿದ ಹಾಗೋ, ನನಗೆ ಹೇಳಲು ಬರುವುದಿಲ್ಲ. ಹೊರಡುವ ಮೊದಲು ಅವಳನ್ನು ಒಂದು ಮಾತು ಕೇಳಿದೆ. "ಚಾ ಆರುತ್ತದೆ, ಕುಡಿ" ಎಂದಳು. ಆಮೇಲೆ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಹಲಸಿನ ಹಪ್ಪಳದ ಬಗ್ಗೆ, ಅವಳ ಮದ್ದಿನ ಬಗ್ಗೆ, ನೀಲಿ ಬಾಗಿಲಿನ ಬಗ್ಗೆ ಕೂಡ. ಅಫ್ರೀನಾ ಕಾಯುತ್ತಿದ್ದಾಳೆ. ಅಂದು ಹೊರಡುವಾಗ ನಾನು ಕೇಳಿದ್ದು ಇಷ್ಟೇ:

"ಸುಮಾ, ಆವತ್ತು ಕಿವಿಯಲ್ಲಿ ಶ್ರುತಿ ಇಲ್ಲದಿದ್ದರೂ ನೀನು ಅದನ್ನು ಹಾಗೆ ನುಡಿಸ್ತಿದ್ದೆಯಾ?"